ಹೊಳೆಗೆ ಬಿಟ್ಟದ್ದು

ಮರಳಿನಲ್ಲಿ ಹೂತ ಸೀರೆಯನ್ನು ಎಳೆದು ತೆಗೆಯುವುದು ಎಷ್ಟು ಕಷ್ಟ ಅಂತ ತುಂಗೆ, ಭದ್ರೆ ಸೇರುವ ಕೂಡಲಿಗೆ ಹೊಳೆ ಸ್ವಚ್ಛ ಮಾಡಲು ಹೋಗಲು ಶುರುಮಾಡುವವರೆಗೂ ನನಗೆ ಗೊತ್ತಿರಲಿಲ್ಲ. ಮೇಲೆ ಕಾಣುವುದು ಒಂದು ಗೇಣು ಸೆರಗು. ಹಿಡಿದು ಎಳೆದರೆ ಒಂದು ಮೊಳ ಬರುತ್ತದೆ, ಆಮೇಲೆ ಆ ಕಡೆಯಿಂದ ಯಾರೋ ಹಿಡಿದುಕೊಂಡ ಹಾಗೆ ಬಿಗಿಯಾಗುತ್ತದೆ. ಮಡಿಕೆ ಮಡಿಕೆಯಲ್ಲೂ ಮರಳು ತುಂಬಿರುತ್ತದೆ. ಅದಕ್ಕೆ ಇನ್ನೊಂದು ಸೀರೆ ಸುತ್ತಿಕೊಂಡಿರುತ್ತದೆ, ಆ ಇನ್ನೊಂದಕ್ಕೆ ಯಾರದೋ ಪಂಚೆ, ಪಂಚೆಗೆ ಪ್ಲಾಸ್ಟಿಕ್ ಹಾರದ ದಾರ. ಇಬ್ಬರು ಮೊಣಕಾಲುದ್ದ ನೀರಲ್ಲಿ ನಿಂತು, ಮತ್ತೊಬ್ಬರು ಅಡಿಕೆ ಕೊಯ್ಯುವ ದೋಟಿಯ ಕೊಕ್ಕೆ ಹಾಕಿ ಜಗ್ಗಿ, ಕಾಲು ಗಂಟೆ ಆದಮೇಲೆ ಒಂದು ಸೀರೆ ಬಿಡಿಸಿಕೊಂಡು ಬರುತ್ತದೆ.

ಎರಡು ವರ್ಷದ ಹಿಂದೆ, ಶಿವರಾತ್ರಿಗೆ ಮೊದಲಿನ ಭಾನುವಾರ, ಹೀಗೇ ಒಂದನ್ನು ಎಳೆಯುತ್ತಿದ್ದೆವು. ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಬಹಳ ಹೊತ್ತಿನಿಂದ ನೋಡುತ್ತಿದ್ದವರು ಕೊನೆಗೆ ತಡೆಯಲಾಗದೆ ಕೇಳಿದರು. "ಯಾಕವ್ವಾ ಅದನ್ನ ಎಳೀತೀಯ? ಹೊಳೆಗೆ ಬಿಟ್ಟಿದ್ದು ಅದು. ಬಿಟ್ಟಿದ್ದನ್ನ ಮತ್ತೆ ತೆಗೀಬಾರದು."

"ಹೊಳೆ ಗಲೀಜಾಗುತ್ತಲ್ಲ ಅಜ್ಜಿ" ಅಂದೆ.

"ಗಲೀಜು ಮಾಡಬೇಕು ಅಂತ ಬಿಟ್ಟಿರ್ತಾರೇನವ್ವಾ? ಯಾರ ಮನೆ ದುಃಖವೋ ಏನೋ."

ನನ್ನ ಕೈಯಲ್ಲಿ ಆ ಹೊತ್ತಿಗೆ ಇದ್ದದ್ದು ಕೆಸರಿನ ವಾಸನೆಯ ಒಂದು ಮುದ್ದೆ. ಅದನ್ನು ಗೊಬ್ಬರದ ಚೀಲಕ್ಕೆ ತುಂಬಬೇಕಿತ್ತು. ತುಂಬಿದೆ. ಆದರೆ ಆ ಮಾತು ಆವತ್ತಿನಿಂದ ನನ್ನ ಜೊತೆಯೇ ಇದೆ. ಯಾಕೆಂದರೆ 2006ರಲ್ಲಿ ಅದೇ ಕೂಡಲಿಯಲ್ಲಿ, ಅದೇ ಮೆಟ್ಟಿಲಿಂದ ನಾಲ್ಕು ಹೆಜ್ಜೆ ಕೆಳಗೆ ನಿಂತು, ಅಮ್ಮನ ಅಸ್ಥಿ ಬಿಟ್ಟ ಮೇಲೆ ಅಮ್ಮನ ಸೀರೆಯನ್ನೂ ನಾನೇ ನೀರಿಗೆ ಬಿಟ್ಟಿದ್ದೆ.

ಬಿಡುವುದು

ಹೊಳೆಯ ವಿಷಯದಲ್ಲಿ ನಾವು ಮಾಡುವುದಕ್ಕೆಲ್ಲ ಹೆಚ್ಚುಕಡಿಮೆ ಒಂದೇ ಕ್ರಿಯಾಪದ ಇದೆ. ಗಣಪತಿ ಬಿಡುತ್ತೇವೆ. ದೀಪ ಬಿಡುತ್ತೇವೆ. ಬೂದಿ ಬಿಡುತ್ತೇವೆ, ಪಿಂಡ ಬಿಡುತ್ತೇವೆ, ಹೊಳೆ ತುಂಬಿದಾಗ ಬಾಗಿನ ಬಿಡುತ್ತೇವೆ. ಒಡೆದ ದೇವರ ಪಟ, ಹಳೆ ಪಂಚಾಂಗ, ಒಣಗಿದ ಮದುವೆ ಹಾರ, ಕಸದ ಬುಟ್ಟಿಗೆ ಹಾಕಲು ಮನಸ್ಸು ಒಪ್ಪದ ಯಾವುದೇ ವಸ್ತುವಿಗೂ ಮನೆಯಲ್ಲಿ ಹಿರಿಯರು ಹೇಳುವುದು ಒಂದೇ: "ಹೊಳೆಗೆ ಬಿಟ್ಟು ಬಾ." ಎಸೆಯುವುದು ಬೇರೆ, ಬಿಡುವುದು ಬೇರೆ. ಎಸೆದದ್ದರ ಮೇಲೆ ನಮಗೆ ತಾತ್ಸಾರ ಇರುತ್ತದೆ. ಬಿಟ್ಟದ್ದರ ಮೇಲೆ ಪ್ರೀತಿ ಇರುತ್ತದೆ, ಇಟ್ಟುಕೊಳ್ಳಲು ಆಗುವುದಿಲ್ಲ ಅಷ್ಟೆ. ಇಟ್ಟುಕೊಳ್ಳಲಾಗದ್ದನ್ನು ನಮಗಿಂತ ದೊಡ್ಡದೊಂದರ ಕೈಗೆ ಒಪ್ಪಿಸಿ ಬರುವುದು ಅದು. ಅಜ್ಜಿ ಹೇಳಿದ್ದು ಸರಿ. ಆ ಸೀರೆಗಳನ್ನು ಯಾರೂ ಎಸೆದಿರಲಿಲ್ಲ.

ಅಮ್ಮ ಪ್ರಾಥಮಿಕ ಶಾಲೆ ಟೀಚರ್. ದಿನಾ ಬಸ್ಸಲ್ಲಿ ಹೋಗಿ ಬರುವವಳು. ಅವಳಿಗೆ ಪಾಲಿಯೆಸ್ಟರ್ ಸೀರೆ ಎಂದರೆ ಬಿಡುಗಡೆ. "ಇಸ್ತ್ರಿ ಬೇಡ, ಗಂಜಿ ಬೇಡ, ರಾತ್ರಿ ಒಗೆದರೆ ಬೆಳಿಗ್ಗೆ ಉಡಬಹುದು, ಹತ್ತು ವರ್ಷ ಆದರೂ ಹರಿಯಲ್ಲ" ಅನ್ನುತ್ತಿದ್ದಳು. ಬೂದು ಬಣ್ಣದ ಮೇಲೆ ಸಣ್ಣ ನೀಲಿ ಹೂವಿನ ಒಂದು ಸೀರೆ ಅವಳಿಗೆ ಇಷ್ಟ. ನಾನು ಬಿಟ್ಟದ್ದು ಅದನ್ನೇ. ಅವಳ ಅತ್ತೆ, ಅಂದರೆ ನನ್ನ ಅಜ್ಜಿ, ಉಡುತ್ತಿದ್ದದ್ದು ಹತ್ತಿ ಸೀರೆ. ಅದು ಸವೆದರೆ ಕೌದಿಯಾಗುತ್ತಿತ್ತು, ಕೌದಿ ಹರಿದರೆ ನೆಲ ಒರೆಸುವ ಬಟ್ಟೆ, ಆಮೇಲೆ ಬಚ್ಚಲ ಒಲೆಗೆ. ಅಜ್ಜಿ ತೀರಿಕೊಂಡಾಗ ಬಿಟ್ಟ ಸೀರೆ ಒಂದು ಮಳೆಗಾಲ ಕಳೆಯುವುದರೊಳಗೆ ಕೊಳೆತು ಹೊಳೆಯ ಪಾಲಾಗಿರಬೇಕು. ಹತ್ತಿ ಗಿಡದಿಂದ ಬಂದದ್ದು, ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳಿಗೆ ಅದು ಊಟ. ಪಾಲಿಯೆಸ್ಟರ್ ಹಾಗಲ್ಲ. ನಾವು ಕುಡಿದು ಬಿಸಾಡುವ ನೀರಿನ ಬಾಟಲಿ ಯಾವ ಪ್ಲಾಸ್ಟಿಕ್ಕಿನದೋ ಈ ನೂಲೂ ಅದೇ ಪ್ಲಾಸ್ಟಿಕ್ಕಿನದು. ಅದು ಕೊಳೆಯುವುದಿಲ್ಲ, ಎಳೆ ಎಳೆಯಾಗಿ ಸವೆದು ಸಣ್ಣದಾಗುತ್ತಾ ಹೋಗುತ್ತದೆ. ಮರಳಿಗೆ ಸೇರುತ್ತದೆ, ಮೀನಿನ ಹೊಟ್ಟೆಗೆ ಸೇರುತ್ತದೆ.

ಪದ್ಧತಿ ಹಾಗೇ ಉಳಿದಿದೆ, ಬಟ್ಟೆ ಬದಲಾಗಿದೆ. ಅಜ್ಜಿಯ ಕಾಲದಲ್ಲಿ ಹೊಳೆ ನಿಜವಾಗಿ ತೆಗೆದುಕೊಳ್ಳುತ್ತಿತ್ತು. ಮಣ್ಣಿನ ಗಣಪತಿಯನ್ನು, ಬಾಳೆಲೆಯನ್ನು, ಹೂವನ್ನು, ಹತ್ತಿಯನ್ನು, ಬಿದಿರಿನ ಮೊರವನ್ನು. ನಾವು ಅದೇ ನಂಬಿಕೆಯಲ್ಲಿ, ಅದೇ ಮಂತ್ರ ಹೇಳಿಸಿ, ಹೊಳೆಗೆ ತೆಗೆದುಕೊಳ್ಳಲು ಆಗದ್ದನ್ನು ಕೊಡುತ್ತಿದ್ದೇವೆ. ಅಮ್ಮನಿಗೆ ಆ ಸೀರೆ ಇಷ್ಟವಾಗಿದ್ದ ಗುಣವೇ, ಹತ್ತು ವರ್ಷ ಆದರೂ ಹರಿಯುವುದಿಲ್ಲ ಅನ್ನುವುದೇ, ಹೊಳೆಗೆ ಭಾರವಾಗಿ ಉಳಿಯಿತು. ಈಗಲೂ ಪ್ರತಿ ಬೂದು ಬಣ್ಣದ ತುದಿ ಕಂಡಾಗ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ.

ಚೀಲ, ದೋಟಿ, ಹಗ್ಗ

ನಮ್ಮದು ದೊಡ್ಡ ಸಂಘವಲ್ಲ, ಹೆಸರೂ ಇಲ್ಲ. ವಾಟ್ಸಾಪ್ ಗುಂಪಿನಲ್ಲಿ ನೂರಕ್ಕೂ ಹೆಚ್ಚು ಜನ ಇದ್ದೇವೆ, ಭಾನುವಾರ ಬೆಳಿಗ್ಗೆ ಆರೂವರೆಗೆ ಶಿವಮೊಗ್ಗದಿಂದ ಹೊರಡುವುದು ಹತ್ತೋ ಹನ್ನೆರಡೋ. ನಿವೃತ್ತ ಓವರ್‌ಸಿಯರ್ ಒಬ್ಬರು, ಹೈಸ್ಕೂಲ್ ಮೇಷ್ಟ್ರು ಒಬ್ಬರು, ಬಡಗಿ, ಗ್ಯಾರೇಜಿನ ಇಬ್ಬರು ಹುಡುಗರು, ಪರೀಕ್ಷೆ ಇಲ್ಲದ ತಿಂಗಳಲ್ಲಿ ಕಾಲೇಜು ಮಕ್ಕಳು. ಕೂಡಲಿ ಹದಿನೈದು ಹದಿನಾರು ಕಿಲೋಮೀಟರ್. ಅಲ್ಲಿ ತುಂಗೆ ಮತ್ತು ಭದ್ರೆ ಸೇರಿ ತುಂಗಭದ್ರೆ ಆಗುತ್ತಾಳೆ. ಎರಡೂ ಹುಟ್ಟುವುದು ಗಂಗಾಮೂಲದಲ್ಲಿ, ಬೇರೆ ಬೇರೆ ದಾರಿ ಹಿಡಿದು ಇಷ್ಟು ದೂರ ಬಂದು ಇಲ್ಲಿ ಸೇರುತ್ತವೆ. ಸಂಗಮ ಎಂದಮೇಲೆ ಜನ ಬರುತ್ತಾರೆ, ಜನ ಬಂದಮೇಲೆ ಬಿಡುತ್ತಾರೆ.

ಮೊದಮೊದಲು ನಾವು ಚೀಲ ಎಣಿಸುತ್ತಿದ್ದೆವು. ಇವತ್ತು ಮೂವತ್ತು, ಇವತ್ತು ನಲವತ್ತೆರಡು. ಫೋಟೊ ಹಾಕಿದರೆ ಮೆಚ್ಚುಗೆ ಬರುತ್ತಿತ್ತು. ಆರು ತಿಂಗಳಾದ ಮೇಲೆ ಮೇಷ್ಟ್ರು ಒಂದು ಪ್ರಶ್ನೆ ಕೇಳಿದರು: "ಚೀಲದ ಲೆಕ್ಕ ಹೆಚ್ಚಾದರೆ ನಾವು ಖುಷಿ ಪಡಬೇಕೋ, ಬೇಜಾರು ಮಾಡ್ಕೋಬೇಕೋ?" ಆಮೇಲೆ ಎಣಿಸುವುದನ್ನು ನಿಲ್ಲಿಸಿ, ಚೀಲದೊಳಗೆ ಏನೇನಿದೆ ಅಂತ ಬರೆದಿಡಲು ಶುರುಮಾಡಿದೆವು. ನನ್ನ ಮಟ್ಟಿಗೆ ಕೆಲಸ ನಿಜವಾಗಿ ಶುರುವಾದದ್ದು ಆವತ್ತು. ಬಟ್ಟೆಯೇ ಅರ್ಧಕ್ಕಿಂತ ಹೆಚ್ಚು. ಆಮೇಲೆ ಶಾಂಪೂ ಸ್ಯಾಶೆ, ಸೋಪಿನ ಕವರು. ಆಮೇಲೆ ಗಾಜಿನ ಚೌಕಟ್ಟಿನ ದೇವರ ಪಟ. ಒಮ್ಮೆ ಹೀಗೆ ಒಡೆದ ಲಕ್ಷ್ಮಿ ಪಟದ ಗಾಜು ಗ್ಯಾರೇಜಿನ ಹುಡುಗನ ಪಾದ ಸೀಳಿ ಏಳು ಹೊಲಿಗೆ ಹಾಕಿಸಬೇಕಾಯಿತು. ಅದಾದಮೇಲೆ ಗಂಬೂಟು ಇಲ್ಲದೆ ಯಾರನ್ನೂ ನೀರಿಗಿಳಿಸುವುದಿಲ್ಲ.

ಪಟಗಳನ್ನು ಏನು ಮಾಡುವುದು ಅನ್ನುವುದೇ ದೊಡ್ಡ ಸಮಸ್ಯೆಯಾಗಿತ್ತು. ಕಸದ ಗಾಡಿಗೆ ಹಾಕಲು ನಮಗೂ ಮನಸ್ಸಿಲ್ಲ. ಅಶ್ವತ್ಥಕಟ್ಟೆ ಮೇಲೆ ಇಟ್ಟರೆ ಅಲ್ಲೂ ರಾಶಿ. ದಾರಿ ತೋರಿಸಿದ್ದು ಬಡಗಿ. ಒಂದೊಂದೇ ಪಟವನ್ನು ಮಡಿಲಲ್ಲಿ ಇಟ್ಟುಕೊಂಡು, ಮೊಳೆ ಕಿತ್ತು, ಗಾಜು ಒಂದು ಕಡೆ, ಕಟ್ಟಿಗೆ ಒಂದು ಕಡೆ, ಕಾಗದ ಒಂದು ಕಡೆ ಮಾಡಿದರು. ಕಾಗದವನ್ನು ನೀರಿನ ಡ್ರಮ್ಮಿನಲ್ಲಿ ನೆನೆಹಾಕಿ, ಕರಗಿದ ಮೇಲೆ ನಾವು ದಂಡೆಯಲ್ಲಿ ನೆಟ್ಟ ಹೊಂಗೆ ಮತ್ತು ಹೊಳೆಮತ್ತಿ ಸಸಿಗಳ ಬುಡಕ್ಕೆ ಹಾಕಿದೆವು. ಕಾಗದ ಡ್ರಮ್ಮಿಗೆ ಹಾಕುವಾಗ ಅವರು ಪ್ರತಿಸಲವೂ ಚಪ್ಪಲಿ ಬಿಚ್ಚಿಡುತ್ತಾರೆ. ನೋಡುತ್ತಾ ನಿಂತ ಊರಿನವರಲ್ಲಿ ಒಬ್ಬರೂ ಆಕ್ಷೇಪ ಎತ್ತಿಲ್ಲ. ನಂಬಿಕೆಯನ್ನು ಬೈದು ಹೊಳೆ ಉಳಿಸಲು ಆಗುವುದಿಲ್ಲ ಅನ್ನುವುದು ನಾನು ಕಲಿತದ್ದು ಅವರ ಬರಿಗಾಲು ನೋಡಿ.

2025ರ ಮಾರ್ಚ್‌ನಲ್ಲಿ ರಾಜ್ಯದ ಪರಿಸರ ಸಚಿವ ಈಶ್ವರ ಖಂಡ್ರೆಯವರು ತೀರ್ಥಕ್ಷೇತ್ರಗಳ ಹೊಳೆದಂಡೆಯಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ, ಭಕ್ತರು ಬಟ್ಟೆ ಬಿಡದಂತೆ ಕ್ರಮ ಕೈಗೊಳ್ಳಲು ಅಧಿಕಾರಿಗಳಿಗೆ ಸೂಚಿಸಿದ ಸುದ್ದಿ ಓದಿ ನಮ್ಮ ಗುಂಪಿನಲ್ಲಿ ಎಲ್ಲರಿಗೂ ಸಂತೋಷವಾಯಿತು. ಆದರೆ ಸ್ನಾನಘಟ್ಟದಲ್ಲಿ ನಿಂತವರಿಗೆ ಗೊತ್ತು, ಅಪ್ಪನನ್ನು ಕಳೆದುಕೊಂಡು ಬಂದವರಿಗೆ ಆ ಕ್ಷಣದಲ್ಲಿ "ಬಿಡಬೇಡಿ" ಅಂತ ಹೇಳುವುದು ಎಷ್ಟು ಕಷ್ಟ ಅಂತ. ಬಿಡಬೇಡಿ ಅಂದಮೇಲೆ ಏನು ಮಾಡಿ ಅಂತಲೂ ಹೇಳಬೇಕಲ್ಲ. ಹಾಗಾಗಿ ನಾವು ಎರಡು ಮರದ ನಡುವೆ ಒಂದು ಹಗ್ಗ ಕಟ್ಟಿದೆವು. ಅಲ್ಲಿ ಕ್ರಿಯೆ ಮಾಡಿಸುವ ಪುರೋಹಿತರೊಬ್ಬರ ಹತ್ತಿರ ಹೋಗಿ ಕೂತು ಮಾತಾಡಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, "ನೀರು ಮುಟ್ಟಿಸಿದರೆ ಸಾಕು, ಬಿಟ್ಟ ಹಾಗೇ. ನಾನು ಹೇಳ್ತೀನಿ" ಅಂದರು. ಈಗ ಬಂದವರಿಗೆ ಅವರೇ ಹೇಳುತ್ತಾರೆ, ಮೂರು ಸಲ ಅದ್ದಿ ಹಿಂಡಿ ಹಗ್ಗದ ಮೇಲೆ ಹಾಕಿ ಎಂದು. ಎಲ್ಲರೂ ಕೇಳುವುದಿಲ್ಲ. ಕೇಳುವವರು ಇದ್ದಾರೆ.

ನಮ್ಮ ಮನೆಯ ನೀರು

ಗುಂಪಿನ ಹುಡುಗನೊಬ್ಬ ಒಂದು ದಿನ ಮೊಬೈಲಿನಲ್ಲಿ ಒಂದು ಪಟ್ಟಿ ತೋರಿಸಿದ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ, ದೇಶದ ಕಲುಷಿತ ನದಿ ಭಾಗಗಳ ಪಟ್ಟಿ. ಒಟ್ಟು 351, ಅದರಲ್ಲಿ ಕರ್ನಾಟಕದ್ದು 17. ತುಂಗೆಯ ಎದುರು ಬರೆದಿದ್ದ ಭಾಗ: ಶಿವಮೊಗ್ಗದಿಂದ ಕೂಡಲಿ. ಅಂದರೆ ನಾವು ಪ್ರತಿ ಭಾನುವಾರ ಬೈಕು ಕಾರಲ್ಲಿ ಹೋಗುವ ದಾರಿಯೇ. "ಗಂಗಾ ಸ್ನಾನ, ತುಂಗಾ ಪಾನ" ಅಂತ ಹೇಳಿಕೊಂಡು ಬೆಳೆದವರು ನಾವು. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆಗೆ ಮಿಂದು, ಬೊಗಸೆಯಲ್ಲಿ ಕುಡಿದು ಬಂದವರು.

ಆ ಪಟ್ಟಿ ಸೀರೆ ಎಣಿಸಿ ಮಾಡಿದ್ದಲ್ಲ. ಅದು ಅಳೆಯುವುದು ಬಿಒಡಿ. ಅಡುಗೆಮನೆ, ಬಚ್ಚಲು, ಕಕ್ಕಸಿನ ನೀರು ಹೊಳೆಗೆ ಸೇರಿದರೆ ಅದರಲ್ಲಿರುವ ಕೊಳೆಯನ್ನು ಬ್ಯಾಕ್ಟೀರಿಯಾಗಳು ತಿನ್ನುತ್ತವೆ, ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಎಷ್ಟು ಆಮ್ಲಜನಕ ಹೀಗೆ ಖರ್ಚಾಗುತ್ತದೆ ಅನ್ನುವುದೇ ಬಿಒಡಿ. ಸ್ನಾನಕ್ಕೆ ಯೋಗ್ಯ ಅನ್ನಿಸಿಕೊಳ್ಳಲು ಅದು ಲೀಟರಿಗೆ 3 ಮಿಲಿಗ್ರಾಂ ದಾಟಬಾರದು, ಕರಗಿದ ಆಮ್ಲಜನಕ 5 ಮಿಲಿಗ್ರಾಂಗಿಂತ ಕಡಿಮೆ ಆಗಬಾರದು. ಕೊಳೆ ಹೆಚ್ಚಾದಷ್ಟೂ ಮೀನಿಗೆ ಉಸಿರು ಕಡಿಮೆ. ನಾವು ಇಡೀ ಘಟ್ಟವನ್ನು ಕನ್ನಡಿಯ ಹಾಗೆ ಮಾಡಿದರೂ ಈ ಸಂಖ್ಯೆ ಕದಲುವುದಿಲ್ಲ. ಇದು ಗೊತ್ತಾದ ದಿನ ನನಗೆ ನಿಜವಾಗಿಯೂ ಕೈ ಸೋತ ಹಾಗಾಯಿತು.

ಓವರ್‌ಸಿಯರ್ ಸುಮ್ಮನಿರಲಿಲ್ಲ. "ಬನ್ನಿ ಮೇಡಂ, ನಿಮ್ಮ ಮನೆ ನೀರು ಎಲ್ಲಿಗೆ ಹೋಗುತ್ತೆ ನೋಡೋಣ" ಅಂತ ಮುಂದಿನ ಭಾನುವಾರ ನಮ್ಮ ಮನೆಗೇ ಬಂದರು. ಹಿತ್ತಲಿನ ಚೇಂಬರಿನ ಮುಚ್ಚಳ ಎತ್ತಿಸಿದರು. ನಲ್ಲಿ ಬಿಡಲು ಹೇಳಿ, ಬಗ್ಗಿ ನೋಡಿದರು. ಕಕ್ಕಸಿನ ಪೈಪು ಯುಜಿಡಿಗೆ, ಅಂದರೆ ನೆಲದಡಿಯ ಒಳಚರಂಡಿಗೆ, ಸೇರಿತ್ತು. ಅಡುಗೆಮನೆ ಮತ್ತು ಬಚ್ಚಲಿನ ನೀರು ಹಳೆಯ ಪೈಪಿನಲ್ಲೇ ರಸ್ತೆಬದಿಯ ಮೋರಿಗೆ ಬೀಳುತ್ತಿತ್ತು. ಹದಿನೆಂಟು ವರ್ಷದಿಂದ ಆ ಮನೆಯಲ್ಲಿದ್ದೇನೆ, ಒಂದು ದಿನವೂ ನೋಡಿರಲಿಲ್ಲ. ಆಮೇಲೆ ನಾವಿಬ್ಬರೂ ಆ ಮೋರಿಯ ಜೊತೆಯೇ ನಡೆದೆವು. ಬೀದಿ ಮೋರಿ ದೊಡ್ಡ ಚರಂಡಿಗೆ, ಚರಂಡಿ ರಾಜಕಾಲುವೆಗೆ. ಅಲ್ಲಲ್ಲಿ ಚಪ್ಪಡಿ ಕೆಳಗೆ ಮಾಯವಾಗಿ, ಹೋಟೆಲ್ಲಿನ ಹಿಂದೆ ಮತ್ತೆ ಕಾಣಿಸಿಕೊಂಡು, ಒಂದೊಂದು ತಿರುವಿನಲ್ಲೂ ಇನ್ನಷ್ಟು ಬೂದು ಬಣ್ಣವಾಗಿ, ದಪ್ಪವಾಗಿ. ಎರಡು ಗಂಟೆ ನಡೆದಮೇಲೆ ಗಿಡಗಂಟೆಗಳ ನಡುವೆ ಹೊಳೆ ಕಂಡಿತು. ಕಾಲುವೆ ಸದ್ದಿಲ್ಲದೆ ಅದಕ್ಕೆ ಸೇರುತ್ತಿತ್ತು. ಸೇರುವಲ್ಲಿ ಅಂತರಗಂಗೆ ಹಸಿರಾಗಿ ಹರಡಿತ್ತು, ಬೆಳ್ಳಕ್ಕಿಗಳು ನಿಂತಿದ್ದವು. ದೂರದಿಂದ ನೋಡಿದರೆ ಚೆಂದದ ಚಿತ್ರ. ಬೆಳಿಗ್ಗೆ ನಾನು ತೊಳೆದ ದೋಸೆ ಹಿಟ್ಟಿನ ಪಾತ್ರೆಯ ನೀರು ಅಲ್ಲಿ ಎಲ್ಲೋ ಇತ್ತು.

ಅಮ್ಮನ ಸೀರೆಯನ್ನು ನಾನು ಒಂದೇ ಒಂದು ಸಲ ಬಿಟ್ಟೆ, ಅಳುತ್ತಾ ಬಿಟ್ಟೆ. ಇದನ್ನು ದಿನಕ್ಕೆ ಮೂರು ಹೊತ್ತು, ಹದಿನೆಂಟು ವರ್ಷ, ಯೋಚನೆಯೇ ಇಲ್ಲದೆ ಬಿಟ್ಟಿದ್ದೆ. ಇದಕ್ಕೂ ನಾವು ಅದೇ ಮಾತು ಬಳಸುತ್ತೇವಲ್ಲ, "ಚರಂಡಿಯನ್ನ ಹೊಳೆಗೆ ಬಿಟ್ಟಿದ್ದಾರೆ" ಅಂತ.

ನಮ್ಮ ಮನೆಯ ಪೈಪು ಸರಿಪಡಿಸಲು ಪ್ಲಂಬರಿಗೆ ಒಂದೂವರೆ ದಿನ ಸಾಕಾಯಿತು. ಬೀದಿಯಲ್ಲಿ ಇಪ್ಪತ್ತೆರಡು ಮನೆ. ಮುಚ್ಚಳ ಎತ್ತಿ ನೋಡಲು ಒಪ್ಪಿದವರು ಹದಿನೇಳು, ಅದರಲ್ಲಿ ಒಂಬತ್ತು ಮನೆ ನಮ್ಮ ಹಾಗೇ. ಯಾರೂ ಬೇಕಂತ ಮಾಡಿದ್ದಲ್ಲ, ಯುಜಿಡಿ ಬಂದಾಗ ಕಕ್ಕಸಿನ ಪೈಪು ಸೇರಿಸಿ ಉಳಿದದ್ದು ಹಾಗೇ ಉಳಿದುಹೋಗಿತ್ತು. ಐದು ಮನೆಯವರು ಸರಿಮಾಡಿಸಿಕೊಂಡರು. ಇಡೀ ರಾಜಕಾಲುವೆಯ ವಿಷಯಕ್ಕೆ ಅರ್ಜಿ ಹಿಡಿದು ಕಚೇರಿಗೆ ಹೋದೆವು. ಮೊದಲ ಸಲ ಬೇರೆ ವಿಭಾಗಕ್ಕೆ ಕಳಿಸಿದರು, ಎರಡನೇ ಸಲ ಸಾಹೇಬರು ಇರಲಿಲ್ಲ. ಮೂರನೇ ಸಲ ಓವರ್‌ಸಿಯರ್ ತಾವೇ ಬರೆದ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಯಾವ ಮೋರಿ ಎಲ್ಲಿ ಸೇರುತ್ತದೆ, ಎಲ್ಲಿ ಚೇಂಬರ್ ಕಟ್ಟಿಕೊಂಡು ಉಕ್ಕುತ್ತದೆ, ಯಾವ ತಿಂಗಳು ಉಕ್ಕುತ್ತದೆ, ಎಲ್ಲ ಅದರಲ್ಲಿತ್ತು. ಮೇಜಿನ ಆಚೆ ಕೂತಿದ್ದ ಯುವ ಎಂಜಿನಿಯರ್ ಮೊದಲ ಬಾರಿಗೆ ಪೆನ್ನು ಕೈಗೆತ್ತಿಕೊಂಡರು. ಉಕ್ಕುತ್ತಿದ್ದ ಎರಡು ಜಾಗ ಆ ವರ್ಷ ಸರಿಯಾಯಿತು. ಉಳಿದದ್ದಕ್ಕೆ ಇನ್ನೂ ಹೋಗುತ್ತಿದ್ದೇವೆ.

"ಭಾನುವಾರ ಕಸ ಹೆಕ್ಕಿದರೆ ಹೊಳೆ ಉದ್ಧಾರ ಆಗುತ್ತಾ" ಅಂತ ಕೇಳುವವರಿಗೆ ಹಿಂದೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಆ ನಕ್ಷೆ ಇದೆ. ಪ್ರತಿ ವಾರ ಅದೇ ನೀರಿಗೆ ಬಗ್ಗುವವರಿಗಲ್ಲದೆ ಬೇರೆ ಯಾರಿಗೆ ಅದನ್ನು ಬರೆಯುವಷ್ಟು ತಾಳ್ಮೆ ಇರುತ್ತಿತ್ತು? ಈ ಹೊಳೆಗೆ ಇದು ಹೊಸತೂ ಅಲ್ಲ. ಎಸ್.ಆರ್. ಹಿರೇಮಠರು 1984ರಲ್ಲಿ ಕಟ್ಟಿದ ಸಮಾಜ ಪರಿವರ್ತನ ಸಮುದಾಯ ಹರಿಹರ, ರಾಣೆಬೆನ್ನೂರು ಸೀಮೆಯಲ್ಲಿ ಕಾರ್ಖಾನೆ ತ್ಯಾಜ್ಯದಿಂದ ಕೆಡುತ್ತಿದ್ದ ತುಂಗಭದ್ರೆಗಾಗಿ ದಂಡೆಯ ಜನರನ್ನು ಸೇರಿಸಿಕೊಂಡೇ ಹೋರಾಡಿತು. 2024ರ ನವೆಂಬರ್‌ನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದವರು ಶೃಂಗೇರಿಯಿಂದ ಕಿಷ್ಕಿಂಧೆಯ ಕಡೆಗೆ ಪಾದಯಾತ್ರೆ ಹೊರಟಾಗ ನಮ್ಮಲ್ಲಿ ಕೆಲವರು ಒಂದು ದಿನ ಜೊತೆ ನಡೆದೆವು. ನಡೆಯುವಾಗ ಕೇಳಿಸಿದ್ದು ಒಂದೇ ಮಾತು: ನಮ್ಮ ಊರಿನ ಕೆಳಗೂ ಊರಿದೆ. ನಾವು ಬಿಟ್ಟದ್ದು ಹೊನ್ನಾಳಿಗೆ ಹೋಗುತ್ತದೆ, ಹರಿಹರಕ್ಕೆ ಹೋಗುತ್ತದೆ, ಅಲ್ಲಿಯೂ ಯಾರದೋ ಮನೆಯಲ್ಲಿ ಬಿಂದಿಗೆ ತುಂಬುತ್ತದೆ.

ಮುಟ್ಟದೆ ಬಿಟ್ಟದ್ದು

ಶೃಂಗೇರಿಗೆ ಹೋದವರಿಗೆಲ್ಲ ಆ ಮೀನುಗಳು ಗೊತ್ತು. ಮೆಟ್ಟಿಲಿಗೆ ಬಂದು ಬಾಯಿ ತೆರೆಯುವ ಆ ದಪ್ಪ ಮೀನುಗಳಿಗೆ ಮಂಡಕ್ಕಿ ಹಾಕದೆ ಬಂದ ಮಲೆನಾಡಿನ ಮಗು ಇರಲಿಕ್ಕಿಲ್ಲ. ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ, ಘಟ್ಟದ ಕೆಳಗೆ ಕಪಿಲೆಯ ಶಿಶಿಲದಲ್ಲಿ, ಕಾವೇರಿಯ ರಾಮನಾಥಪುರದಲ್ಲಿ ಹೀಗೆಯೇ. ಅವು ದೇವರ ಮೀನು, ಹಿಡಿಯುವಂತಿಲ್ಲ. ಕಾನೂನು ಬರುವುದಕ್ಕೆ ಎಷ್ಟೋ ಮೊದಲೇ ದಂಡೆಯ ಜನ ತಮ್ಮೊಳಗೆ ಮಾಡಿಕೊಂಡ ಕಟ್ಟಳೆ ಅದು. ಅಲ್ಲಿಯೂ ಮಾತು ಅದೇ: ದೇವರಿಗೆ ಬಿಟ್ಟ ಮೀನು. ಊರಿನ ಕಾನಿಗೂ ಹಾಗೇ ಅನ್ನುತ್ತಿದ್ದರು, ದೇವರಿಗೆ ಬಿಟ್ಟ ಕಾಡು. ಅಲ್ಲಿಂದ ಕಡ್ಡಿ ತರುವಂತಿರಲಿಲ್ಲ.

ಒಂದೇ ಪದ ನೋಡಿ. ನೀರಿಗೆ ಹಾಕುವುದೂ ಬಿಡುವುದೇ, ಕೈ ಹಾಕದೆ ಇರುವುದೂ ಬಿಡುವುದೇ. ನಮ್ಮ ಹಿರಿಯರಿಗೆ ಎರಡೂ ಗೊತ್ತಿತ್ತು. ನಾವು ಮೊದಲನೆಯದನ್ನು ಮಾತ್ರ ಉಳಿಸಿಕೊಂಡೆವೇನೋ ಅನ್ನಿಸಿ ಸಂಕಟವಾಗುತ್ತದೆ. ಹೊಳೆಗೆ ಅದರ ಮರಳನ್ನು ಬಿಡಬೇಕಿತ್ತು, ದಂಡೆಯ ಹೊಳೆಮತ್ತಿಯನ್ನು ಬಿಡಬೇಕಿತ್ತು, ಮಳೆಗಾಲದಲ್ಲಿ ಕೈಕಾಲು ಚಾಚಲು ಒಂದಿಷ್ಟು ಜಾಗ ಬಿಡಬೇಕಿತ್ತು. 2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದಾಗ ನೀರಿಳಿದ ಮೇಲೆ ಹೋಗಿ ನೋಡಿದ್ದೆ. ನನ್ನ ತಲೆಗಿಂತ ಎಷ್ಟೋ ಎತ್ತರದ ಕೊಂಬೆಗಳಲ್ಲಿ ಸೀರೆ, ಪಂಚೆ, ಪ್ಲಾಸ್ಟಿಕ್ ಚೀಲ ನೇತಾಡುತ್ತಿದ್ದವು.

ಕಳೆದ ಮಹಾಲಯ ಅಮಾವಾಸ್ಯೆಯಂದು ಘಟ್ಟದಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಾವು ಹಗ್ಗದ ಹತ್ತಿರ ನಿಂತಿದ್ದೆವು. ದಾವಣಗೆರೆ ಕಡೆಯ ಒಂದು ಕುಟುಂಬ ಬಂತು. ಇಪ್ಪತ್ತೈದರ ಒಬ್ಬ ಹುಡುಗ, ಅವನ ತಾಯಿ, ತಂಗಿ. ಅಪ್ಪ ತೀರಿಕೊಂಡು ಇನ್ನೂ ವರ್ಷ ಆಗಿಲ್ಲವಂತೆ. ಎಡೆ ಇಟ್ಟು, ಪಿಂಡ ಬಿಟ್ಟು, ಹುಡುಗ ಚೀಲದಿಂದ ಅಪ್ಪನ ಒಂದು ಅಂಗಿ ತೆಗೆದ. ನೀಲಿ ಚೌಕುಳಿ, ಜೇಬಿನ ಮೇಲೆ ಶಾಯಿಯ ಕಲೆ. "ಎಲ್ಲಿ ಬಿಡೋದು ಅಕ್ಕಾ?" ಅಂತ ನನ್ನನ್ನೇ ಕೇಳಿದ.

ಪುರೋಹಿತರು ಬೇರೆಯವರ ಕೆಲಸದಲ್ಲಿದ್ದರು. ನಾನು ಅವರ ಮಾತನ್ನೇ ಹೇಳಿದೆ. ಅಷ್ಟಕ್ಕೆ ನಿಲ್ಲಿಸಬೇಕು ಅಂದುಕೊಂಡಿದ್ದೆ, ಆದರೆ ನನಗೇ ಗೊತ್ತಿಲ್ಲದೆ ಅಮ್ಮನ ಬೂದು ಸೀರೆಯ ಕಥೆಯನ್ನೂ ಹೇಳಿಬಿಟ್ಟೆ. ಅವನು ಏನೂ ಮಾತಾಡಲಿಲ್ಲ, ತಾಯಿಯ ಮುಖ ನೋಡಿದ. ಅವರು ತುಂಬಾ ಹೊತ್ತು ನೀರನ್ನೇ ನೋಡುತ್ತಿದ್ದು, "ಅದ್ದಿ ತಾರಪ್ಪ" ಅಂದರು.

ಅವನು ಇಳಿದು ಹೋಗಿ ಮೂರು ಸಲ ಅದ್ದಿದ. ಮೇಲೆ ಬಂದು ಅಣ್ಣ ತಂಗಿ ಇಬ್ಬರೂ ಒಂದೊಂದು ತುದಿ ಹಿಡಿದು ಹಿಂಡಿದರು. ತಾಯಿ ಅದನ್ನು ಕೊಡವಿ, ಹಗ್ಗದ ಮೇಲೆ ಹಾಕಿ, ಮುದುರಿದ್ದ ತೋಳುಗಳನ್ನು ಎಳೆದು ಸರಿಮಾಡಿ, ಗುಂಡಿ ಹಾಕಿದರು. ಮಧ್ಯಾಹ್ನದ ಬಸ್ಸು ತಪ್ಪಿದರೂ ಅಂಗಿ ಒಣಗುವವರೆಗೆ ಮೂವರೂ ಅದರ ನೆರಳಲ್ಲೇ ಕೂತಿದ್ದರು.